ಇಪ್ಪತ್ತೊಂದು ಹೆಜ್ಜೆ

ನಿನ್ನೆ ಬೆಳಿಗ್ಗೆ ಹಾಲಿನ ಪಾಕೀಟು ಹಿಡಿದುಕೊಂಡು ಮನೆಗೆ ಬರುತ್ತಿದ್ದೆ. ನಮ್ಮ ಓಣಿಯ ಮೂಲೆಯ ಸೈಕಲ್ ಅಂಗಡಿಯವನು ತುಕ್ಕು ತಿಂದ ಚೈನೊಂದನ್ನು ಬಿಚ್ಚಿ, ತಲೆ ಎತ್ತದೆಯೇ, ಹಿಂದಿದ್ದ ತಂತಿಯ ಬುಟ್ಟಿಗೆ ಒಗೆದ. ಝಲ್ ಎಂದಿತು. ಅಷ್ಟಕ್ಕೇ ನನ್ನ ಕಾಲುಗಳು ನಿಂತವು. "ಯಾಕ್ರಿ ಕಾಕಾ, ತಲಿ ತಿರಗಿತೇನು? ಬರ್ರಿ, ಕುಂದ್ರ ಬರ್ರಿ" ಎಂದು ಅವನು ಸ್ಟೂಲು ಸರಿಸಿದ. ಕುಳಿತೆ. ತಲೆ ತಿರುಗಿರಲಿಲ್ಲ. ನಲವತ್ತು ವರ್ಷದ ಹಿಂದಿನ ಸದ್ದೊಂದು ಬಂದು ಬಡಿದಿತ್ತು ಎಂದು ಅವನಿಗೆ ಹೇಳುವುದು ಹೇಗೆ? ಚಾ ತರಿಸಲೇನ್ರಿ ಅಂದ. ಬೇಡವೆಂದೆ.

ನಿಮಗಾದರೂ ಹೇಳುತ್ತೇನೆ. ಕುಷ್ಟಗಿಯಿಂದ ಗಂಗಾವತಿಗೆ ಹೋಗುವ ಕೆಂಪು ಬಸ್ಸು ಆಗ ಕನಕಗಿರಿ ಇನ್ನೂ ಮುಂದಿರುವಾಗಲೇ ಒಂದು ಕಡೆ ನಿಲ್ಲುತ್ತಿತ್ತು. ಎಂಜಿನ್ನಿಗೆ ನೀರು ಹಾಕಬೇಕು ಎಂಬುದು ನೆಪ. ನಿಜವಾದ ಕಾರಣ ಹುಸೇನಸಾಬರ ಹೋಟೆಲಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಡ್ರೈವರು ತಿಂದು, ಚಾ ಕುಡಿದು, ಬೀಡಿ ಮುಗಿಸಿ ಹಾರನ್ನು ಹೊಡೆಯುವ ತನಕ, ಅಂದರೆ ಸುಮಾರು ಕಾಲು ತಾಸು, ಬಸ್ಸು ಅಲ್ಲಿಯೇ. ಬೇರೆ ಕಡೆಯಾದರೆ ಜನ ಗೊಣಗುತ್ತಿದ್ದರು. ಇಲ್ಲಿ ಮಾತ್ರ ಗೊಣಗುತ್ತಿರಲಿಲ್ಲ, ಏಕೆಂದರೆ ಹೋಟೆಲಿನ ಹಿಂದೆ ತಾಟಿನ ಆಟ ಇತ್ತು.

ಇಂಥ ಆಟವನ್ನು ನೀವು ಕೇಳಿರಲಿಕ್ಕಿಲ್ಲ. ಎಪ್ಪತ್ತರ ದಶಕದ ಕೊನೆಗೆ, ಆನೆಗೊಂದಿ, ಹನುಮನಹಳ್ಳಿ ಕಡೆಗೆ ಗಡ್ಡ ಬಿಟ್ಟ ಬಿಳಿಯರು ಬರತೊಡಗಿದ್ದ ಕಾಲದಲ್ಲಿ, ಅಂಥವನೊಬ್ಬನ ವ್ಯಾನು ಹುಸೇನಸಾಬರ ಹೋಟೆಲಿನ ಮುಂದೆಯೇ ಕೆಟ್ಟು ನಿಂತಿತಂತೆ. ಅದರ ಸಾಮಾನು ಮುಂಬಯಿಯಿಂದ ಬರಬೇಕು. ಎರಡು ದಿನ ಆ ಮನುಷ್ಯ ಬೇವಿನ ಮರದ ಕೆಳಗೆ ಮಲಗಿದ. ಮೂರನೆಯ ದಿನ ವ್ಯಾನಿನಿಂದ ಊಟದ ತಾಟಿನಂಥ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ತೆಗೆದು ಗಾಳಿಗೆ ಬಿಟ್ಟ. ಅದು ಹದ್ದಿನಂತೆ ಓಲಾಡಿಕೊಂಡು ಹೋಗಿ ಹೊಲದ ಆ ಕಡೆ ಇಳಿಯಿತು. ಹುಸೇನಸಾಬರು ಎಣ್ಣೆಯಲ್ಲಿ ಮಿರ್ಚಿ ಬಿಟ್ಟು ಓಡಿದರು. ಆ ದಿನದ ಮಿರ್ಚಿಯೆಲ್ಲ ಕರಕಲಾಯಿತು ಎಂದು ಅವರೇ ನಗುತ್ತ ಹೇಳುತ್ತಿದ್ದರು.

ಆಮೇಲೆ ಇಬ್ಬರೂ ಸೇರಿ, ಒಬ್ಬರ ಭಾಷೆ ಒಬ್ಬರಿಗೆ ಬಾರದೆ, ಹೊಲದಲ್ಲಿ ಗೂಟ ನೆಟ್ಟರು. ಗೂಟದ ತುದಿಗೆ ಹಳೆಯ ಗಾಡಿ ಗಾಲಿಯ ಕಬ್ಬಿಣದ ಪಟ್ಟಿ, ಪಟ್ಟಿಯ ಸುತ್ತ ಇಳಿಬಿಟ್ಟ ಸೈಕಲ್ ಚೈನುಗಳು, ಅವುಗಳ ಕೆಳಗೆ ಬುಟ್ಟಿ. ದೂರದಿಂದ ತಾಟು ಎಸೆಯಬೇಕು, ಅದು ಬಿದ್ದಲ್ಲಿಂದಲೇ ಮತ್ತೆ ಎಸೆಯಬೇಕು, ಹೀಗೆ ಹೋಗಿ ಹೋಗಿ ಕೊನೆಗೆ ತಾಟು ಚೈನಿಗೆ ಬಡಿದು ಝಲ್ ಎಂದು ಬುಟ್ಟಿಯಲ್ಲಿ ಬೀಳಬೇಕು. ಬಿಳಿಯನಿಗೆ ಇನ್ನೂ ಬಹಳ ಗೂಟ ಬೇಕಿತ್ತಂತೆ. ಆರನೆಯದು ಪಕ್ಕದವರ ಸಜ್ಜೆ ಹೊಲದಲ್ಲಿ ಬರುವುದರಿಂದ ಐದಕ್ಕೇ ನಿಂತಿತು. ಹೋಗುವಾಗ ಅವನು ಎರಡು ತಾಟನ್ನೂ ಒಂದೇ ಒಂದು ಶಬ್ದವನ್ನೂ ಕೊಟ್ಟು ಹೋದ. ಆ ಶಬ್ದ "ಗುಡ್". ಯಾರು ಎಷ್ಟು ಕೆಟ್ಟದಾಗಿ ಎಸೆದರೂ ಹುಸೇನಸಾಬರು ಜಾಲರಿ ಸೌಟು ಎತ್ತಿ "ಗುಡ್ರಿ, ಗುಡ್!" ಅನ್ನುತ್ತಿದ್ದರು. ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ ಅವರು. ಈ ಮಾತು ನೆನಪಿನಲ್ಲಿರಲಿ.

ಕಾಲು ತಾಸಿನಲ್ಲಿ ಐದು ಗೂಟ ಮುಗಿಸುವುದು ಯಾರಿಗೂ ಆಗದ ಮಾತು. ಹಾರನ್ನು ಆಯಿತೆಂದರೆ ಆಟ ಇದ್ದಲ್ಲಿಗೇ ನಿಲ್ಲಬೇಕು. ಅದಕ್ಕೆ ಹುಸೇನಸಾಬರು ಒಂದು ಪದ್ಧತಿ ಮಾಡಿದ್ದರು. ನಿಮ್ಮ ತಾಟು ಬಿದ್ದ ಜಾಗಕ್ಕೆ ಸುಣ್ಣ ಬಳಿದ ಕಲ್ಲೊಂದನ್ನು ಇಟ್ಟು ಬಸ್ಸು ಹತ್ತುವುದು. ಇನ್ನೊಮ್ಮೆ ಆ ದಾರಿಯಲ್ಲಿ ಬಂದಾಗ, ಅದು ವಾರವೋ ವರ್ಷವೋ, ಅದೇ ಕಲ್ಲಿನಿಂದ ಮುಂದಿನ ಎಸೆತ. ಹಳೆಯ ಕಲ್ಲುಗಳನ್ನೂ ತೆಗೆಯುವಂತಿಲ್ಲ, ನೀವು ಬಂದ ದಾರಿ ಕಾಣುತ್ತಿರಬೇಕು. ಹುಸೇನಸಾಬರಿಗೆ ಓದು ಬರಹ ಇರಲಿಲ್ಲ. ಆದ್ದರಿಂದ ಕಲ್ಲಿನ ಮೇಲೆ ಕೆಮ್ಮಣ್ಣಿನಿಂದ ಗುರುತು ಬರೆಯುತ್ತಿದ್ದರು: ಕಂಡಕ್ಟರಿಗೆ ಸೀಟಿ, ಬಳೆಗಾರನಿಗೆ ಬಳೆ. ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ದನ ಕಾಯುವವರು ಕೂಡ ದನವನ್ನು ಕಲ್ಲು ತುಳಿಯದಂತೆ ಸುತ್ತು ಬಳಸಿ ಹೊಡೆದುಕೊಂಡು ಹೋಗುತ್ತಿದ್ದರು.

ನಾನಾಗ ಕುಷ್ಟಗಿಯ ಮೋಜಣಿ ಕಚೇರಿಯಲ್ಲಿ ಹೊಸ ಗುಮಾಸ್ತ. ಇಪ್ಪತ್ತನಾಲ್ಕರ ವಯಸ್ಸು, ಕಿಸೆಯಲ್ಲಿ ಎರಡು ಪೆನ್ನು, ತಲೆಯಲ್ಲಿ ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ದಿನವಿಡೀ ನನ್ನ ಮೇಜಿಗೆ ಬರುತ್ತಿದ್ದುದು ಒಂದೇ ಬಗೆಯ ಅರ್ಜಿ: ಪಕ್ಕದ ಹೊಲದವನು ಬಾಂದಗಲ್ಲು ಸರಿಸಿದ್ದಾನೆ, ಬಂದು ಅಳೆದು ಕೊಡಬೇಕು. ರಾತ್ರೋರಾತ್ರಿ ಗಡಿಯ ಕಲ್ಲು ಕಿತ್ತು ನಾಲ್ಕು ಮಾರು ಆಚೆ ನೆಡುವವರ ಬಗ್ಗೆ ನನಗೆ ಎಂಥ ತಿರಸ್ಕಾರವಿತ್ತೆಂದರೆ, ಅಂಥವರು ಎದುರಿಗೆ ಬಂದರೆ ಕುರ್ಚಿಯನ್ನೂ ತೋರಿಸುತ್ತಿರಲಿಲ್ಲ. "ಅಣ್ಣಾ, ಕಲ್ಲು ಸರಿಸೋರಂಥಾ ಹಲ್ಕಟ್ಟ ಮಂದಿ ಜಗತ್ತಿನಾಗ ಇಲ್ಲ ನೋಡು" ಎಂದು ಮನೆಗೆ ಬಂದು ಭಾಷಣ ಮಾಡುತ್ತಿದ್ದೆ. ಅಣ್ಣ ಮಿಶನ್ನು ತುಳಿಯುತ್ತ ನಗುತ್ತಿದ್ದ.

ಅಣ್ಣ ದರ್ಜಿ. ಅಪ್ಪ, ಅವ್ವ ಇಬ್ಬರೂ ಹೋದಾಗ ನನಗೆ ಒಂಬತ್ತು, ಅವನಿಗೆ ಇಪ್ಪತ್ತು. ಅವನು ಹೊಲಿದ ಅಂಗಿ ತೊಟ್ಟು ಸಾಲೆಗೆ ಹೋದೆ, ಅವನು ಹೊಲಿದ ಪ್ಯಾಂಟು ತೊಟ್ಟು ನೌಕರಿಗೆ ಸೇರಿದೆ. ಅವನ ಹೆಂಡತಿ ನನಗೆ ಅವ್ವನ ಜಾಗದಲ್ಲಿದ್ದವಳು. ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತೇವೆ, ಇನ್ನು ಮುಂದೆ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಆ ವರ್ಷ ಬೇಸಿಗೆಯಲ್ಲಿ ಅಣ್ಣನಿಗೆ ಕಾಜಾ ಮಾಡುವುದು ಕಷ್ಟವಾಗತೊಡಗಿತು. ಗುಂಡಿಯ ರಂಧ್ರಕ್ಕೆ ಹಾಕುವ ಆ ಸಣ್ಣ ಹೊಲಿಗೆ ಕೈಬೆರಳಿನ ಕೆಲಸ. ಸೂಜಿ ಜಾರಿ ಬೀಳುತ್ತಿತ್ತು. ಆಮೇಲೆ ಕತ್ತರಿಯೂ ಬಿತ್ತು. ಆಮೇಲೆ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿಲ್ಲ ಎಂದ.

ಗಂಗಾವತಿಯಲ್ಲಿ ಒಬ್ಬ ಒಳ್ಳೆಯ ಡಾಕ್ಟರು ಇದ್ದಾರೆಂದು ಕರೆದುಕೊಂಡು ಹೊರಟೆ. ಬಸ್ಸು ಹುಸೇನಸಾಬರ ಹೋಟೆಲಿಗೆ ನಿಂತಿತು. "ನಡಿಯೋ, ಒಂದ ಸಲ ಒಗದ ಬರೂಣು" ಎಂದು ಅಣ್ಣ ಇಳಿದ. ಸಣ್ಣವನಿದ್ದಾಗ ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಹಾರಿಸಿದ ತೋಳು ಅದು. ಆದರೆ ನಿಧಾನವಾಗಿ ಹೊಲ ಮುಟ್ಟುವುದರಲ್ಲಿಯೇ ಹೆಚ್ಚಿನ ಹೊತ್ತು ಹೋಯಿತು, ಒಂದೇ ಎಸೆತ ಸಿಕ್ಕಿತು. ಎಸೆದ ಕೂಡಲೇ ಹಾರನ್ನು. ಅವನ ನಡಿಗೆ ನಿಧಾನವಾದ್ದರಿಂದ ಆಗಲೇ ಬಸ್ಸಿನ ಕಡೆ ತಿರುಗಬೇಕಾಯಿತು. ಅಲ್ಲಿ ನೆಲ ತುಸು ತಗ್ಗು, ತಾಟು ಬಿದ್ದ ಜಾಗ ಅವನಿಗೆ ಕಾಣುವಂತಿರಲಿಲ್ಲ. ಕಲ್ಲು ಇಡುವ ಕೆಲಸ ನನ್ನದಾಯಿತು. ತಾಟು ಎಲ್ಲಿತ್ತೋ ಅಲ್ಲಿಯೇ ಇಟ್ಟು ಓಡಿ ಬಂದೆ. ಹುಸೇನಸಾಬರು ಆ ಕಲ್ಲಿಗೆ ಕತ್ತರಿಯ ಗುರುತು ಬರೆದರು.

ಡಾಕ್ಟರು ಅಣ್ಣನ ಕೈ, ಕಾಲು, ಕುತ್ತಿಗೆ ಎಲ್ಲ ನೋಡಿದರು. "ಕುತ್ತಿಗಿ ಎಲುಬಿನಾಗ ನರ ಒತ್ತಿಗೊಂಡೈತ್ರಿ. ಎರಡ ತಿಂಗಳು ಔಷಧ ಮಾಡೂಣು, ಹದಿನೈದ ದಿನಕ್ಕೊಮ್ಮೆ ಬರ್ರಿ. ಕೈಯಾಗ ಶಕ್ತಿ ಬಂತಂದ್ರ ಛಲೋ ಆತು. ತುಸು ಕಮ್ಮಿ ಆತು ಅನಿಸಿದ್ರ ಮಾತ್ರ ಒಂದ ದಿನಾನೂ ಕುಂದ್ರಬ್ಯಾಡ್ರಿ. ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಿಸಿಕೊಳ್ರಿ. ತಡಾ ಆತಂದ್ರ ಹಾಸಿಗಿ ಹಿಡೀತೀರಿ" ಎಂದರು.

ಕುತ್ತಿಗೆಗೆ ಕತ್ತಿ ಹಾಕಿಸಿಕೊಳ್ಳುವ ಮಾತು ಕೇಳಿ ಅಣ್ಣ ಬಸ್ಸಿನಲ್ಲಿ ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ. ಕನಕಗಿರಿ ದಾಟಿದ ಮೇಲೆ ನನ್ನ ಕಡೆ ತಿರುಗಿದ. "ಶಕ್ತಿ ಕಮ್ಮಿ ಆತೋ ಜಾಸ್ತಿ ಆತೋ ನಮಗ ಹೆಂಗ ಗೊತ್ತಾಗಬೇಕು ತಮ್ಮಾ? ಮನಿಯಾಗ ಕೇಳಿದ್ರ ನಿಮ್ಮ ವೈನಿ ಜಾಸ್ತಿ ಆಗೇತಿ ಅಂತಾಳ. ನೀನೂ ಹಂಗ ಅಂತಿ. ಹುಸೇನಸಾಬರ ತಾಟಿಗೆ ಕೇಳೂಣು. ಅದು ಮುಖಾ ನೋಡಿ ಮಾತಾಡೂದಿಲ್ಲ."

ಎರಡನೆಯ ಸಲ ಹೋದಾಗ ಅವನು ಮೊದಲ ಸಲ ನಿಂತು ಎಸೆದ ಜಾಗದಿಂದ ತನ್ನ ಕಲ್ಲಿನ ತನಕ ಹೆಜ್ಜೆ ಎಣಿಸುತ್ತ ನಡೆದ. ಹದಿನೈದು. ಅಲ್ಲಿ ನಿಂತು ಎಸೆದ. ಅಷ್ಟರಲ್ಲೇ ಹಾರನ್ನಾಯಿತು, ತಾಟು ಎಲ್ಲಿ ಇಳಿಯಿತೆಂದು ನೋಡದೆ ತಿರುಗಿದ. ನಾನು ಓಡಿ ಹೋಗಿ ನೋಡಿದರೆ ತಾಟು ತೀರ ಹತ್ತಿರ ಬಿದ್ದಿತ್ತು. ಹದಿನೈದು ಆಗಿರಲಾರದು, ಅಷ್ಟಂತೂ ಕಣ್ಣಿಗೇ ಗೊತ್ತಾಗುತ್ತಿತ್ತು. ಕೈಯಲ್ಲಿ ಕಲ್ಲು ಹಿಡಿದು ನಿಂತೆ. ಬಸ್ಸಿನ ಕಡೆ ನೋಡಿದೆ. ಅಣ್ಣ ಒಂದು ಕಾಲು ಎಳೆಯುತ್ತ ಹೋಗುತ್ತಿದ್ದ, ಅವನೇ ಹೊಲಿದುಕೊಂಡ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಅವನು ಮುಂದಿನ ಸಲ ಬಂದು ಎಣಿಸಿ ಹದಿಮೂರೋ ಹನ್ನೆರಡೋ ಎಂದು ತಿಳಿದು ಮುಖ ಇಳಿಬಿಡುವುದನ್ನು ನೆನೆದುಕೊಂಡೆ. ಕಲ್ಲನ್ನು ಸುಮಾರು ನಾಲ್ಕು ಹೆಜ್ಜೆ ಮುಂದಕ್ಕೆ ಇಟ್ಟೆ. ಬಾಂದಗಲ್ಲು ಸರಿಸುವವರ ಮೇಲೆ ಭಾಷಣ ಮಾಡುತ್ತಿದ್ದ ನಾನು ಅದನ್ನು ಮಾಡಲು ತೆಗೆದುಕೊಂಡ ಹೊತ್ತು ಒಂದು ಉಸಿರಿನಷ್ಟು. ಮಾಡುವಾಗ ಖುಷಿಯೂ ಆಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಮೂರನೆಯ ಸಲ ಅಣ್ಣ ಮೊದಲ ಕಲ್ಲಿನಿಂದ ಎರಡನೆಯದರ ತನಕ ಎಣಿಸಿದ. "ಹದಿನೆಂಟೋ!" ಅಂದ. ಹೋಟೆಲಿನಿಂದ "ಗುಡ್ರಿ, ಗುಡ್!" ಎಂದು ಕೂಗು ಬಂತು. ನನಗೆ ಆಶ್ಚರ್ಯ. ನನ್ನ ಅಂದಾಜಿನಲ್ಲಿ ಹದಿನೇಳು ಕೂಡ ಆಗಬಾರದಿತ್ತು. ಅವಸರದಲ್ಲಿ ಎಷ್ಟು ಸರಿಸಿದೆನೋ ಏನೋ ಎಂದುಕೊಂಡೆ. ಆ ದಿನವೂ ಅವನು ಎಸೆದ, ಆ ದಿನವೂ ನಾನು ನಾಲ್ಕು ಹೆಜ್ಜೆ ಸರಿಸಿದೆ. ಈ ಸಲ ಎಣಿಸಿಯೇ ಸರಿಸಿದೆ. ಅಳತೆಯ ಇಲಾಖೆಯವನಲ್ಲವೇ!

ನಾಲ್ಕನೆಯ ಸಲ ಅವನು ಎರಡನೆಯ ಕಲ್ಲಿನಿಂದ ಮೂರನೆಯದರ ತನಕ ಎಣಿಸಿದಾಗ ಇಪ್ಪತ್ತೊಂದು ಆಯಿತು. ಅಣ್ಣ ಕತ್ತರಿಯ ಗುರುತಿನ ಆ ಕಲ್ಲಿನ ಪಕ್ಕದಲ್ಲಿ ಕುಳಿತೇಬಿಟ್ಟ. ಕಣ್ಣಲ್ಲಿ ನೀರು. "ಇವತ್ತ ಒಗಿಯೂದಿಲ್ಲಪಾ. ಇದ ಸಾಕು. ಹಿಂಗ ಇರಲಿ" ಅಂದ. ಹುಸೇನಸಾಬರು ತಾವೇ ಚಾ ತಂದುಕೊಟ್ಟರು. ಬಸ್ಸು ಹತ್ತಿದ ಮೇಲೆ ನಾನು ಒಳಗೊಳಗೇ ಲೆಕ್ಕ ಹಾಕಿದೆ. ಮೊದಲ ದಿನದ ಹದಿನೈದು ಖರೆ ಎಸೆತ. ಈಗಿನ ಇಪ್ಪತ್ತೊಂದರಲ್ಲಿ ನನ್ನ ನಾಲ್ಕು ಕಳೆದರೂ ಹದಿನೇಳು ಉಳಿಯಿತು. ಅಂದರೆ ಎರಡು ಹೆಜ್ಜೆ ನಿಜವಾಗಿಯೂ ಹೆಚ್ಚಾಗಿದೆ! ನಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿದ್ದರೆ ಅಣ್ಣ ಅದರೊಳಗೇ ಗುಣವಾಗುತ್ತಿದ್ದಾನೆ ಎಂದು ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಡಾಕ್ಟರು ಅಣ್ಣನ ಮುಂಗೈ ಒತ್ತಿ ನೋಡಿದರು. "ಯಾಕೋ ತುಸು ಕಮ್ಮಿ ಅನಸ್ತೈತ್ರಿ. ಹುಬ್ಬಳ್ಳಿಗೆ ಚೀಟಿ ಬರದ ಕೊಡ್ತೀನಿ, ನಾಳಿಗೇ ಹೋಗ್ರಿ" ಎಂದರು.

"ಇಲ್ರಿ ಡಾಕ್ಟರ್ ಸಾಹೇಬ್ರ, ಜಾಸ್ತಿ ಆಗೈತ್ರಿ. ಹದಿನೈದಿತ್ತು, ಇಪ್ಪತ್ತೊಂದು ಆಗೈತಿ. ನಾನ ಎಣಿಸೀನಿ" ಎಂದ ಅಣ್ಣ, ತಾಟಿನ ಆಟವನ್ನೆಲ್ಲ ಬಿಡಿಸಿ ಹೇಳಿದ. ಡಾಕ್ಟರು ನಕ್ಕರು. ನಕ್ಕು ನನ್ನ ಕಡೆ ತಿರುಗಿದರು. "ನೀವು ಜೋಡಿ ಇರ್ತೀರಲ್ಲ. ನೀವೇನಂತೀರಿ? ಖರೇನ ದೂರ ಹೋಗಾಕತ್ತೈತೇನು?"

ಆ ಕೋಣೆಯ ಗೋಡೆಯ ಬಣ್ಣ ಕೂಡ ನನಗೆ ನೆನಪಿದೆ, ಎಳೆ ಹಸಿರು. ಅಣ್ಣ ನನ್ನನ್ನೇ ನೋಡುತ್ತಿದ್ದ. ನಾನು "ಹೌದ್ರಿ, ಹೋಗಾಕತ್ತೈತ್ರಿ" ಎಂದೆ.

"ಹಂಗಾದ್ರ ಇನ್ನೊಂದ ತಿಂಗಳ ನೋಡೂಣು. ಚೀಟಿ ಮಾತ್ರ ಇಟಗೊಂಡಿರ್ರಿ" ಎಂದರು ಅವರು. ಚೀಟಿ ನನ್ನ ಕಿಸೆಯಲ್ಲಿ, ಎರಡು ಪೆನ್ನುಗಳ ಹಿಂದೆ ಉಳಿಯಿತು.

ಆ ತಿಂಗಳು ಮುಗಿಯುವ ಮುಂಚೆಯೇ ಅಣ್ಣ ಮಿಶನ್ನಿನ ಮುಂದಿನಿಂದ ಏಳಲು ಹೋಗಿ ಬಿದ್ದ. ಮತ್ತೆ ಏಳಲಿಲ್ಲ. ಬಾಡಿಗೆ ಜೀಪಿನಲ್ಲಿ ಹುಬ್ಬಳ್ಳಿಗೆ ಒಯ್ದೆವು. ಅಲ್ಲಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, ಇದನ್ನು ಒಂದು ತಿಂಗಳು ಮೊದಲೇ ತಂದಿದ್ದರೆ ಕೈಕಾಲು ಉಳಿಸಬಹುದಿತ್ತು, ಈಗ ಏನೂ ಉಪಯೋಗವಿಲ್ಲ ಎಂದರು. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡು ವರ್ಷ ಅಣ್ಣ ಹಾಸಿಗೆಯಲ್ಲಿದ್ದ. ನೋಡಲು ಬಂದವರಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಇಪ್ಪತ್ತೊಂದು ಹೆಜ್ಜಿ ಒಗದಿದ್ದೆ ನೋಡ್ರಿ. ಕೈ ಬಂದಿತ್ತು. ಆಮ್ಯಾಲ ಏನಾತೋ, ದೇವ್ರಿಗೆ ಗೊತ್ತು." ವೈನಿ ಗಂಜಿ ಕುಡಿಸುತ್ತ "ಹೌದ, ಇಪ್ಪತ್ತೊಂದು" ಅನ್ನುತ್ತಿದ್ದಳು. ನಾನು ಪಕ್ಕದ ಕೋಣೆಗೆ ಹೋಗುತ್ತಿದ್ದೆ. ಅಣ್ಣ ತೀರಿಕೊಂಡ ಮೇಲೆ ವೈನಿಯೇ ಅಂದಳು: "ಅವರ ಕಲ್ಲು ಅಲ್ಲೇ ಬಿಡಬ್ಯಾಡ ತಮ್ಮಾ. ತೊಗೊಂಡ ಬಾ."

ಹೋದೆ. ಹುಸೇನಸಾಬರು ಮೂರು ಕಲ್ಲನ್ನೂ ತೊಳೆದು ಗೋಣಿಚೀಲದಲ್ಲಿ ಹಾಕಿಕೊಟ್ಟರು. ಆಮೇಲೆ ನನ್ನ ಪಕ್ಕ ಕುಳಿತು ದನಿ ಇಳಿಸಿದರು. "ನೀವು ಕಲ್ಲು ಮುಂದ ಇಡೂದು ನಾ ನೋಡಿದ್ನಿರಿ. ಛಲೋ ಮಾಡಿದ್ರಿ. ನೀವು ಹ್ವಾದಮ್ಯಾಲ ನಾನೂ ಒಂದ ನಾಕ ಹೆಜ್ಜಿ ಮುಂದ ಇಡ್ತಿದ್ನಿ. ಪಾಪ, ಅಷ್ಟ ಕಷ್ಟಪಟ್ಟು ನಡಕೋಂತ ಬರ್ತಿದ್ರು. ಅವರ ಮುಖದಾಗ ಆ ಖುಷಿ ನೋಡಬೇಕಿತ್ರಿ. ಒಂದ ಪುಣ್ಯಾದ ಕೆಲಸಾ ಮಾಡಿದ್ವಿ ನಾವಿಬ್ಬರೂ."

ಇಪ್ಪತ್ತೊಂದರಲ್ಲಿ ನನ್ನ ನಾಲ್ಕು, ಅವರ ನಾಲ್ಕು. ಉಳಿದದ್ದು ಹದಿಮೂರು. ಅದೂ ಯಾರ ಹೆಜ್ಜೆ? ಕಾಲು ಎಳೆಯುವವನ ಹೆಜ್ಜೆ. ಆ ಒಂದೂವರೆ ತಿಂಗಳಲ್ಲಿ ಅವನ ಹೆಜ್ಜೆಯೇ ಗಿಡ್ಡವಾಗುತ್ತ ಬಂದಿತ್ತು. ಮೊದಲ ದಿನದ ಹೆಜ್ಜೆಯಲ್ಲಿ ಅಳೆದಿದ್ದರೆ ಹತ್ತೂ ಆಗುತ್ತಿರಲಿಲ್ಲ. ಅಳತೆಯ ಸರಪಳಿಯಲ್ಲಿ ಒಂದು ಕೊಂಡಿ ಕಡಿಮೆಯಾದರೆ ಇಡೀ ಊರಿನ ನಕ್ಷೆ ಕೆಡುತ್ತದೆ ಎಂದು ಕಚೇರಿಯಲ್ಲಿ ನನಗೆ ಮೊದಲ ವಾರವೇ ಕಲಿಸಿದ್ದರು. ಅಣ್ಣನ ಕಾಲು ಕಣ್ಣೆದುರೇ ಇತ್ತು. ನೋಡಲಿಲ್ಲ. "ಹೌದ್ರಿ, ಭಾಳ ಖುಷಿಯಾಗಿದ್ರು" ಎಂದು ಹುಸೇನಸಾಬರಿಗೆ ಹೇಳಿ ಚೀಲ ಹೊತ್ತುಕೊಂಡು ಬಂದೆ. ನಿಜ ಹೇಳಿದ್ದರೆ ಆ ಮನುಷ್ಯ ಹೋಟೆಲು ಮುಚ್ಚುತ್ತಿದ್ದ. ಅವರೂ ಈಗಿಲ್ಲ. ಹೊಲದ ಮೇಲೆ ಅಗಲವಾದ ರಸ್ತೆ ಬಂದಿದೆ, ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ.

ಇದನ್ನೆಲ್ಲ ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿಗೂ ಇಲ್ಲ. ವೈನಿ ನಮ್ಮ ಜೊತೆಯಲ್ಲಿಯೇ ಇದ್ದಾಳೆ, ಅವಳಿಗೂ ಇಲ್ಲ. ಆದರೆ ನಿನ್ನೆ ಸೈಕಲ್ ಅಂಗಡಿಯ ಸ್ಟೂಲಿನ ಮೇಲೆ ಕುಳಿತಾಗ ವೈನಿಗೆ ಹೇಳಿಬಿಡಬೇಕು ಎಂದುಕೊಂಡೆ. ಇಷ್ಟು ವರ್ಷವಾಗಿದೆ, ನನಗೂ ವಯಸ್ಸಾಯಿತು, ಆಕೆಯ ಎದುರಿಗೊಮ್ಮೆ ಹೇಳಿ ಕಾಲು ಹಿಡಿದರೆ ನನ್ನ ಪಾಪ ತುಸುವಾದರೂ ಹಗುರಾದೀತು ಎನಿಸಿತು. ನೋಡಿ, ಆಗಲೂ ನಾನು ಲೆಕ್ಕ ಹಾಕಿದ್ದು ನನ್ನ ಭಾರವನ್ನೇ.

ವೈನಿ ಹೊಸ್ತಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಬೆನ್ನಿಗೆ ತೆರೆದ ಬಾಗಿಲು, ಬಾಗಿಲು ಮುಚ್ಚಿಕೊಳ್ಳದಂತೆ ಆನಿಸಿಟ್ಟ ಆ ಮೂರನೆಯ ಕಲ್ಲು. ಮೊದಲೆರಡು ಎಲ್ಲಿ ಹೋದವೋ, ಇದೊಂದನ್ನು ಅವಳು ಉಳಿಸಿಕೊಂಡಿದ್ದಾಳೆ. ಕತ್ತರಿಯ ಗುರುತು ಅಳಿಸಿದಾಗಲೆಲ್ಲ ತಾನೇ ಕೆಮ್ಮಣ್ಣು ತಂದು ತಿದ್ದುತ್ತಾಳೆ. ನಾನು ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಹಸಿರು ಗೋಡೆಯ ಕೋಣೆಯನ್ನೂ ಬಿಡಲಿಲ್ಲ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಅವಳ ಕಾಲಿಗೆ ಕೈ ಚಾಚಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಹಂಗಾದ್ರ ಅದು ಇಪ್ಪತ್ತೊಂದು ಅಲ್ಲ" ಅಂದಳು.

"ಅಲ್ಲ ವೈನಿ."

"ಸಾಯೂ ದಿನಾನೂ ಅದನ್ನ ಹೇಳಿದ್ರು. ಅವರು ಅಂಗಳಕ್ಕ ಬರಲಾರದಂಗ ಆದಮ್ಯಾಲ ನನ್ನ ಕಡೆ ಅವರದು ಅಂತ ಉಳದಿದ್ದು ಅದೊಂದ ಖುಷಿ. ನಲವತ್ತ ವರ್ಷ ಅದನ್ನ ಹಿಡಕೊಂಡ ಕುಂತೀನಿ." ಮೊರದಲ್ಲಿದ್ದ ಸಿಪ್ಪೆಯನ್ನು ಒಂದು ಕಡೆಗೆ ತಳ್ಳಿದಳು. "ನಿನಗ ತಡಕೊಳ್ಳಾಕ ಆಗಲಿಲ್ಲ. ಅದನ್ನೂ ತೊಗೊಂಡಿ."

ಅವಳು ಮೊರ ಕೆಳಗಿಟ್ಟು, ಎರಡೂ ಕೈಯಿಂದ ಕಲ್ಲನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು. "ಎಲ್ಲಿ ಬಿದ್ದಿತ್ತೋ ಅಲ್ಲೇ ಇಟ್ಟ ಬಾ" ಎಂದು ಎದ್ದು ಒಳಗೆ ಹೋದಳು. ಅವಳ ಹಿಂದೆಯೇ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಇವತ್ತು ಬೆಳಿಗ್ಗೆ ಇದನ್ನು ಬರೆಯುತ್ತಿದ್ದೇನೆ. ಕಲ್ಲು ಮೇಜಿನ ಮೇಲಿದೆ. ಒಳಗಿನಿಂದ ವೈನಿ ನನ್ನನ್ನು ದಿನದಂತೆ ಚಾಕ್ಕೆ ಕರೆದಿಲ್ಲ.